ಕಿವಿಯೊಳಗಿನ ಸಪ್ಪಳಕ್ಕೆ ಫೋನಿನಲ್ಲೇ ಆರೈಕೆ: ಮಾಜಿ ಸೈನಿಕರ ಮನೆಯಿಂದ ಒಂದು ವಿಮರ್ಶೆ

ಟಿನಿಟಸ್, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಸದ್ದು ಕೇಳಿಸುವ ತೊಂದರೆ, ಇರುವವರಿಗಾಗಿ ಬೆಂಗಳೂರಿನ ಖಾಸಗಿ ಶ್ರವಣ ಚಿಕಿತ್ಸಾ ಕೇಂದ್ರವೊಂದು ದೂರದಿಂದಲೇ ನಡೆಸುವ ಐದು ಅವಧಿಗಳ ಆರೈಕೆಯನ್ನು ಗಂಗಾವತಿ ತಾಲ್ಲೂಕಿನ ನಮ್ಮ ಮನೆಯಲ್ಲಿ ತಂದೆಯವರಿಗಾಗಿ ಪಡೆದುಕೊಂಡೆವು. ತಂದೆಯವರು ಭೂಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು. ಸೇವೆಯಲ್ಲಿದ್ದಾಗ ಸ್ಫೋಟವೊಂದರಲ್ಲಿ ಅವರಿದ್ದ ವಾಹನ ಉರುಳಿ ತಲೆಗೆ ಪೆಟ್ಟು ಬಿದ್ದಿತ್ತು. ಅಂದಿನಿಂದ ಎರಡೂ ಕಿವಿಗಳಲ್ಲಿ ಹಗಲಿರುಳು ಗುಂಯ್ ಎನ್ನುವ ಸದ್ದು, ಬೆಳಕು ಹೆಚ್ಚಾದರೆ ತಲೆನೋವು, ಈಗ ಹೇಳಿದ್ದು ಇನ್ನೊಂದು ಗಳಿಗೆಗೆ ಮರೆತುಹೋಗುವ ತೊಂದರೆ ಇವೆಲ್ಲ ಒಟ್ಟಿಗೇ ಇವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸೇವೆ ಪಡೆಯುವಂಥದ್ದೇ ಹೌದು, ಆದರೆ ಮಿದುಳಿಗೆ ಪೆಟ್ಟಾದವರಿಗೆ ತಕ್ಕಂತೆ ಅದನ್ನು ಸಡಿಲಿಸಿ, ತುಂಡು ಮಾಡಿ, ನಿಧಾನಗೊಳಿಸಿದ ಮೇಲೆ ಮಾತ್ರ ಅದು ನಮಗೆ ದಕ್ಕಿತು, ಮತ್ತು ಹಾಗೆ ಮಾಡಿಕೊಡಿ ಎಂದು ನಾವೇ ಬಾಯಿಬಿಟ್ಟು ಕೇಳಬೇಕಾಯಿತು. ಕೇಂದ್ರದ ಹೆಸರು ಇಲ್ಲಿ ಬೇಡ. ಇದೇ ಬಗೆಯ ಸೇವೆ ಪಡೆಯಲು ಯೋಚಿಸುತ್ತಿರುವ ಮಾಜಿ ಸೈನಿಕರ ಮನೆಯವರಿಗೆ ಬೇಕಾದದ್ದು ಅದರ ಬಗೆ, ಗುಣ ಮತ್ತು ಕೊರತೆ.

ಈ ಐದು ಅವಧಿಗಳ ಕ್ರಮ ಆ ಕೇಂದ್ರದವರು ಸ್ವಂತವಾಗಿ ಕಟ್ಟಿದ್ದಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ ಸೇರಿದ, ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿರುವ ಶ್ರವಣ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಹೆನ್ರಿ ಮತ್ತು ಅವರ ಸಹೋದ್ಯೋಗಿಗಳು 'ಪ್ರೋಗ್ರೆಸಿವ್ ಟಿನಿಟಸ್ ಮ್ಯಾನೇಜ್‌ಮೆಂಟ್' ಎಂಬ ಮೆಟ್ಟಿಲು ಮೆಟ್ಟಿಲಾದ ಪದ್ಧತಿಯನ್ನು ರೂಪಿಸಿದರು. ಆ ದೇಶದ ಮಾಜಿ ಸೈನಿಕರು ಸೇವೆಯಿಂದಾದ ಅಂಗವೈಕಲ್ಯವೆಂದು ಪರಿಹಾರ ಪಡೆಯುವ ತೊಂದರೆಗಳಲ್ಲಿ ಟಿನಿಟಸ್‌ನದೇ ಮೊದಲ ಸ್ಥಾನ. ಆದ್ದರಿಂದ ಅಲ್ಲಿ ಇದಕ್ಕೆ ಇಷ್ಟು ಶ್ರಮ ಸಂದಿರುವುದು ಸಹಜ. ಅದೇ ಪದ್ಧತಿಯನ್ನು ಫೋನಿನಲ್ಲಿ ನಡೆಸಿದರೆ ಏನಾಗುತ್ತದೆ ಎಂದು ಅವರು ಪರೀಕ್ಷಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಐದು ಕರೆಗಳು: ಎರಡರಲ್ಲಿ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಸದ್ದನ್ನು ಬಳಸುವ ಬಗೆ ಕಲಿಸುತ್ತಾರೆ, ಮೂರರಲ್ಲಿ ಮನಃಶಾಸ್ತ್ರಜ್ಞರು ಮನಸ್ಸನ್ನು ನಿಭಾಯಿಸುವ ಬಗೆ ಕಲಿಸುತ್ತಾರೆ. ಮಿದುಳಿಗೆ ಪೆಟ್ಟಾಗದವರು, ಸಣ್ಣ ಪೆಟ್ಟಾದವರು, ಮಧ್ಯಮ ಅಥವಾ ತೀವ್ರ ಪೆಟ್ಟಾದವರು ಹೀಗೆ ಮೂರೂ ಬಗೆಯವರು ಅದರಲ್ಲಿದ್ದರು. ಆರು ತಿಂಗಳು ಸರದಿಗಾಗಿ ಕಾದವರಿಗಿಂತ ಕರೆಗಳನ್ನು ಪಡೆದವರಲ್ಲಿ ತೊಂದರೆ ಸ್ಪಷ್ಟವಾಗಿ ತಗ್ಗಿತು, ಪೆಟ್ಟಿನ ತೀವ್ರತೆ ಆ ಲಾಭಕ್ಕೆ ಅಡ್ಡ ಬರಲಿಲ್ಲ. ತಂದೆಯವರ ವಿಷಯದಲ್ಲಿ ನಾವು ಧೈರ್ಯ ಮಾಡಿದ್ದು ಈ ಒಂದು ಕಾರಣಕ್ಕೆ.

ಇನ್ನೊಂದು ಕಾರಣ ನಮ್ಮ ಭೂಗೋಳ. ಕೊಪ್ಪಳ ಜಿಲ್ಲೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರು ಸಿಗುತ್ತಾರೆ. ಟಿನಿಟಸ್‌ಗಾಗಿಯೇ ವಾರಗಟ್ಟಲೆ ಕುಳಿತು ಮಾತಾಡುವವರು ಸಿಗುವುದು ಕಷ್ಟ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕೆಂದರೆ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಇಡೀ ರಾತ್ರಿ ಪಯಣಿಸಬೇಕು. ತಲೆಗೆ ಪೆಟ್ಟಾದವರಿಗೆ ನಿದ್ದೆಗೆಟ್ಟ ಒಂದು ರಾತ್ರಿ ಎಂದರೆ ಮುಂದಿನ ಎರಡು ದಿನ ತಲೆ ಹಿಡಿದುಕೊಂಡು ಮಲಗುವುದು ಎಂದೇ ಅರ್ಥ. ರೈಲಿನ ಸದ್ದು, ಪ್ಲಾಟ್‌ಫಾರ್ಮಿನ ಧ್ವನಿವರ್ಧಕ, ಬೋಗಿಯ ಬೆಳಕು ಎಲ್ಲ ಸೇರಿ ಕಿವಿಯ ಸದ್ದನ್ನೂ ಏರಿಸುತ್ತವೆ. ಚಿಕಿತ್ಸೆಗೆ ಹೋಗಿ ಬರುವುದೇ ಕಾಯಿಲೆಯನ್ನು ಕೆರಳಿಸುವಂತಿದ್ದಾಗ ಮನೆಯಲ್ಲಿ ಕುಳಿತು ಪಡೆಯುವ ಆರೈಕೆಯನ್ನು ಬರಿಯ ಅನುಕೂಲ ಎನ್ನಲಾಗದು.

ಆದರೆ ಮೊದಲ ಹೆಜ್ಜೆ ಫೋನಿನಲ್ಲಿ ಆಗುವುದಿಲ್ಲ, ಆಗಲೂಬಾರದು. ಕಿವಿಯೊಳಗೆ ಗುಗ್ಗೆ ಗಟ್ಟಿಯಾಗಿದೆಯೇ, ತಮಟೆ ತೂತಾಗಿದೆಯೇ ಎಂದು ವೈದ್ಯರು ಕಣ್ಣಾರೆ ನೋಡಬೇಕು, ಸದ್ದು ಒಳಬರದ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂಬುದರ ನಕ್ಷೆ, ತೆಗೆಯಬೇಕು. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಬಡಿತದ ಲಯದಲ್ಲಿ ಕೇಳಿಸುತ್ತಿದ್ದರೆ, ಕೇಳುವ ಶಕ್ತಿ ಇದ್ದಕ್ಕಿದ್ದಂತೆ ಕುಗ್ಗಿದ್ದರೆ, ತಲೆಸುತ್ತು ಜೊತೆಗಿದ್ದರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕೇ ಹೊರತು ಯಾವ ಕೇಂದ್ರದ ಸಹಾಯವಾಣಿಗೂ ಅಲ್ಲ. ನಮ್ಮ ಕೇಂದ್ರದವರು ಆಡಿಯೋಗ್ರಾಂ ಮತ್ತು ವೈದ್ಯರ ಚೀಟಿ ವಾಟ್ಸ್‌ಆ್ಯಪ್‌ನಲ್ಲಿ ಬರುವವರೆಗೆ ಹಣವನ್ನೇ ತೆಗೆದುಕೊಳ್ಳಲಿಲ್ಲ. ಇದು ಅವರ ಬಗ್ಗೆ ನನಗೆ ಮೂಡಿದ ಮೊದಲ ಒಳ್ಳೆಯ ಭಾವನೆ.

ಮೊದಲ ಅವಧಿ ಮಾತ್ರ ಕೆಟ್ಟಿತು. ಅದು ಫೋನ್ ಕರೆಯಲ್ಲ, ವಿಡಿಯೋ ಕರೆ. ಪರದೆಯ ತುಂಬ ಇಂಗ್ಲಿಷ್ ಸ್ಲೈಡುಗಳು, ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಮುಖ, ನಡುನಡುವೆ ನಿಂತುಹೋಗುವ ನೆಟ್‌ವರ್ಕ್. ಮಾತು ತುಂಡಾದಾಗಲೆಲ್ಲ ತಂದೆಯವರು ಕಣ್ಣು ಕಿರಿದು ಮಾಡಿ ಪರದೆಗೆ ಹತ್ತಿರವಾಗುತ್ತಿದ್ದರು. ಅರ್ಧ ಗಂಟೆಯಾಗುವಷ್ಟರಲ್ಲಿ ಹಣೆ ಒತ್ತಿಕೊಳ್ಳತೊಡಗಿದರು, ಮುಗಿಯುವ ಹೊತ್ತಿಗೆ ಆರಂಭದಲ್ಲಿ ಹೇಳಿದ್ದು ಏನೂ ನೆನಪಿನಲ್ಲಿ ಉಳಿದಿರಲಿಲ್ಲ. ಕೇಂದ್ರದ ನೋಂದಣಿ ಪತ್ರದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಗದ್ದಲದಲ್ಲಿ ಕೆಲಸ ಮಾಡಿದ್ದೀರಾ ಎಂಬೆಲ್ಲ ಪ್ರಶ್ನೆಗಳಿದ್ದವು, ತಲೆಗೆ ಪೆಟ್ಟು ಬಿದ್ದಿತ್ತೇ ಎಂಬ ಪ್ರಶ್ನೆಯೇ ಇರಲಿಲ್ಲ. ಮಾಜಿ ಸೈನಿಕರಿಗಾಗಿ ಹುಟ್ಟಿದ ಪದ್ಧತಿಯನ್ನು ತಂದವರು ಅದರ ಹುಟ್ಟಿನ ಕಾರಣವನ್ನೇ ಅರ್ಜಿಯಿಂದ ಬಿಟ್ಟಿರುವುದು ನನಗೆ ಇಂದಿಗೂ ಸೋಜಿಗ. ಪೆಟ್ಟಾದ ಮಿದುಳಿಗೆ ಬೆಳಕು, ಸದ್ದು, ಒಟ್ಟೊಟ್ಟಿಗೆ ಬರುವ ಎರಡು ಮೂರು ವಿಷಯಗಳು ಬೇಗ ದಣಿವು ತರುತ್ತವೆ. ಇದನ್ನು ತಿಳಿಯದೆ ಪಾಠ ಮಾಡಿದರೆ ಪಾಠವೇ ಹೊರೆ.

ನಾವು ಬರೆದು ತಿಳಿಸಿದ ಮೇಲೆ ಅವರು ಬದಲಾದ ರೀತಿಯನ್ನು ಮೆಚ್ಚಬೇಕು. ವಿಡಿಯೋ ಬಿಟ್ಟು ಸಾದಾ ಫೋನ್ ಕರೆಗೆ ಬಂದರು. ಒಂದು ಅವಧಿಯನ್ನು ಎರಡು ಚಿಕ್ಕ ಕರೆಗಳಾಗಿ ಒಡೆದರು, ಹೆಚ್ಚುವರಿ ಹಣ ಕೇಳಲಿಲ್ಲ. ಪ್ರತಿ ಕರೆಯ ಕೊನೆಗೆ "ಇವತ್ತು ನಾವು ಒಪ್ಪಿಕೊಂಡದ್ದು ಏನು, ನೀವೇ ಹೇಳಿ ಸರ್" ಎಂದು ತಂದೆಯವರ ಬಾಯಿಂದಲೇ ಹೇಳಿಸುತ್ತಿದ್ದರು. ಅನಂತರ ಅದನ್ನೇ ಎರಡು ನಿಮಿಷದ ಧ್ವನಿ ಸಂದೇಶವಾಗಿ ಕಳಿಸುತ್ತಿದ್ದರು. ಮರೆವು ಇರುವವರಿಗೆ ಈ ಧ್ವನಿ ಸಂದೇಶ ಎಷ್ಟು ದೊಡ್ಡ ಉಪಕಾರ ಎಂಬುದನ್ನು ಮನೆಯಲ್ಲಿ ಅನುಭವಿಸಿದವರೇ ಬಲ್ಲರು. ಒಂದೇ ಮಾತನ್ನು ತಾಯಿಯವರು ಹತ್ತು ಸಲ ನೆನಪಿಸಿದರೆ ಜಗಳ, ಫೋನ್ ಹತ್ತು ಸಲ ನೆನಪಿಸಿದರೆ ಜಗಳವಿಲ್ಲ.

ಎಲ್ಲಕ್ಕಿಂತ ಮೊದಲು ಆಡಿಯಾಲಜಿಸ್ಟ್ ಒಂದು ಚಿಕ್ಕ ಪ್ರಶ್ನಾವಳಿ ಹಿಡಿದು ಕಿವಿಯ ಸದ್ದಿನ ತೊಂದರೆಯನ್ನೂ ಕೇಳಿಸದಿರುವ ತೊಂದರೆಯನ್ನೂ ಬೇರ್ಪಡಿಸಿದರು. ಮದುವೆ ಮನೆಯಲ್ಲಿ ಮಾತು ತಿಳಿಯುವುದಿಲ್ಲ ಎಂಬುದನ್ನು ತಂದೆಯವರು ಇಷ್ಟು ವರ್ಷ ಗುಂಯ್‌ಗುಡುವ ಸದ್ದಿನ ಮೇಲೆಯೇ ಹಾಕುತ್ತಿದ್ದರು. ಆಡಿಯೋಗ್ರಾಂ ಮುಂದಿಟ್ಟುಕೊಂಡು ಆಡಿಯಾಲಜಿಸ್ಟ್ ವಿವರಿಸಿದ್ದು ಬೇರೆ: ಫಿರಂಗಿ, ಸ್ಫೋಟಗಳ ಸದ್ದಿಗೆ ಒಳಗಿವಿಯ ಕೂದಲಿನಂಥ ಜೀವಕೋಶಗಳು ನಾಶವಾಗಿವೆ, ಅವು ಮತ್ತೆ ಹುಟ್ಟುವುದಿಲ್ಲ, ಕೀಚಲು ದನಿಯ ಅಕ್ಷರಗಳು ಕಿವಿಗೆ ಬರುವುದೇ ಇಲ್ಲ, ಕೆಳಗಿನಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಒಳಗಿನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆಗ ಇಲ್ಲದ ಸದ್ದು ಇದ್ದಂತೆ ಕೇಳುತ್ತದೆ. ಆದ್ದರಿಂದ ಶ್ರವಣ ಸಾಧನ ಹಾಕಿಕೊಂಡರೆ ಮಾತೂ ಕೇಳುತ್ತದೆ, ಹೊರಗಿನ ಸದ್ದು ತುಂಬಿಕೊಂಡು ಒಳಗಿನದು ಹಿಂದೆ ಸರಿಯಲೂ ಬಹುದು ಎಂದರು. ಗೀಳಾಗಿದ್ದ ಪ್ರಶ್ನೆಯೊಂದಕ್ಕೆ ಉತ್ತರ ಸಿಕ್ಕ ಸಮಾಧಾನ ತಂದೆಯವರ ಮುಖದಲ್ಲಿ ಅಂದು ಕಂಡಿತು.

ಸೇವೆಯ ಅತ್ಯುತ್ತಮ ಭಾಗ ಸದ್ದಿನ ಯೋಜನೆ. ಕಿವಿಯ ಸದ್ದನ್ನು ಅಡಗಿಸಿಬಿಡಬೇಕು ಎಂದು ಹಟಕ್ಕೆ ಬೀಳದೆ, ಯಾವ ಹೊತ್ತಿನಲ್ಲಿ ಅದು ಹೆಚ್ಚು ಕಾಡುತ್ತದೆಯೋ ಆ ಹೊತ್ತಿಗೆ ತಕ್ಕ ಹೊರಗಿನ ಸದ್ದನ್ನು ಆರಿಸಿಕೊಳ್ಳುವುದು ಇದರ ಮೂಲ ತತ್ವ. ಮನಸ್ಸಿಗೆ ಹಾಯೆನಿಸುವ ಸದ್ದು, ಗಮನ ಬೇಡದೆ ಹಿನ್ನೆಲೆಯಲ್ಲಿ ಇರುವ ಸದ್ದು, ಗಮನವನ್ನು ಸೆಳೆದುಕೊಳ್ಳುವ ಸದ್ದು ಎಂದು ಮೂರು ಬಗೆ. ಅದರಲ್ಲಿ ಪ್ರತಿಯೊಂದೂ ಸುತ್ತಲಿನ ಸದ್ದಾಗಬಹುದು, ಸಂಗೀತವಾಗಬಹುದು, ಮಾತಾಗಬಹುದು. ಹೀಗೆ ಒಂಬತ್ತು ಮನೆಗಳ ಒಂದು ಕೋಷ್ಟಕ. ಅವರು ಕಳಿಸಿದ ಮಾದರಿಯಲ್ಲಿ ಸಮುದ್ರದ ಅಲೆ, ಪಿಯಾನೋ, ಆಡಿಯೋ ಪುಸ್ತಕ ಎಂದೆಲ್ಲ ತುಂಬಿತ್ತು. ನಮ್ಮ ಮನೆಯ ಕೋಷ್ಟಕ ತಾನಾಗಿಯೇ ಬೇರೆಯಾಯಿತು. ಹಾಯೆನಿಸುವ ಸದ್ದಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ತೂಬಿನಲ್ಲಿ ನೀರು ಇಳಿಯುವ ಸದ್ದು, ಅದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡೆವು, ಏಕೆಂದರೆ ಬೇಸಿಗೆಯಲ್ಲಿ ಕಾಲುವೆ ಬತ್ತುತ್ತದೆ. ಹಿನ್ನೆಲೆಗೆ ಫ್ಯಾನ್ ಮತ್ತು ಕೂಲರ್. ಗಮನ ಸೆಳೆಯುವ ಮಾತಿಗೆ ಹೊಸಪೇಟೆ ಆಕಾಶವಾಣಿಯ ಕೃಷಿ ಕಾರ್ಯಕ್ರಮ; ಭತ್ತಕ್ಕೆ ಬರುವ ರೋಗದ ಮಾತು ಬಂದರೆ ತಂದೆಯವರಿಗೆ ಕಿವಿಯ ನೆನಪೇ ಇರುವುದಿಲ್ಲ. ಸಂಗೀತದ ಮನೆಗೆ ದಾಸರ ಪದ.

ಈ ಕೋಷ್ಟಕ ಬರೆಯುವಾಗಲೇ ಒಂದು ಸಂಗತಿ ಬೆಳಕಿಗೆ ಬಂತು. ತಂದೆಯವರ ಕೆಟ್ಟ ರಾತ್ರಿಗಳೆಲ್ಲ ಕರೆಂಟ್ ಹೋದ ರಾತ್ರಿಗಳು. ಫ್ಯಾನ್ ನಿಂತ ಕೂಡಲೇ ಕೋಣೆ ನಿಶ್ಶಬ್ದವಾಗಿ, ಗುಂಯ್ ಎಂಬುದು ಮುನ್ನುಗ್ಗಿ, ಅವರು ಎದ್ದು ಕುಳಿತುಬಿಡುತ್ತಿದ್ದರು. ನಾವೆಲ್ಲ ಇದನ್ನು ಸೆಖೆಯ ಕಾಟ ಎಂದುಕೊಂಡಿದ್ದೆವು. ಈಗ ಹಾಸಿಗೆಯ ಪಕ್ಕದಲ್ಲಿ ಬ್ಯಾಟರಿಯ ರೇಡಿಯೋ ಇದೆ. ನಡುರಾತ್ರಿ ಕರೆಂಟ್ ಹೋದರೆ ಅವರ ಕೈ ನೇರ ಅದರ ಗುಂಡಿಗೇ ಹೋಗುತ್ತದೆ, ಪ್ರಸಾರ ಇಲ್ಲದ ಹೊತ್ತಿನ ಬರಿಯ ಗರಗರ ಸದ್ದೂ ಸಾಕಾಗುತ್ತದೆ. ಬೆಂಗಳೂರಿನ ಕ್ಲಿನಿಕ್ಕಿನ ಕೋಣೆಯಲ್ಲಿ ಕುಳಿತು ಮಾತಾಡಿದ್ದರೆ ಈ ವಿಷಯ ಹೊರಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ, ಕರೆಯ ಮಧ್ಯೆಯೇ ಕರೆಂಟ್ ಹೋಗಿ, "ಈಗ ಹೇಗಿದೆ ಸರ್?" ಎಂದು ಅವರು ಅಲ್ಲೇ ಕೇಳಿದ್ದರಿಂದ ಅದು ತಿಳಿಯಿತು.

ಕಿವಿಗೆ ಹತ್ತಿ ಇಟ್ಟುಕೊಳ್ಳುವ ಅಭ್ಯಾಸದ ಬಗ್ಗೆಯೂ ಖಂಡಿತವಾಗಿ ಮಾತಾಡಿದರು. ಸ್ಫೋಟ ಕಂಡವರಿಗೆ ದೊಡ್ಡ ಸದ್ದು ಸಹಿಸದು, ಆದ್ದರಿಂದ ತಂದೆಯವರು ದಿನವಿಡೀ ಹತ್ತಿ ತುರುಕಿಕೊಂಡೇ ಇರುತ್ತಿದ್ದರು. ಸಾಮಾನ್ಯ ಸದ್ದನ್ನೂ ತಡೆದರೆ ಮಿದುಳು ಇನ್ನಷ್ಟು ಸೂಕ್ಷ್ಮವಾಗಿ, ಒಳಗಿನದೂ ಹೊರಗಿನದೂ ಎರಡೂ ಹೆಚ್ಚಾಗಿ ಕಾಡುತ್ತವೆ. ರಕ್ಷಣೆ ಬೇಕಾದದ್ದು ನಿಜವಾಗಿಯೂ ದೊಡ್ಡ ಸದ್ದು ಇರುವಲ್ಲಿ ಮಾತ್ರ ಎಂದರು. ಅದರಂತೆ ಗವಿಮಠದ ಜಾತ್ರೆಯ ಗದ್ದಲಕ್ಕೆ, ಮೆರವಣಿಗೆಯ ಡಿಜೆಗೆ ಇಯರ್‌ಪ್ಲಗ್. ಮನೆಯಲ್ಲಿ ಪಾತ್ರೆಯ ಸದ್ದಿಗೆ, ಮಕ್ಕಳ ಕೂಗಿಗೆ ಏನೂ ಇಲ್ಲ. ಇದು ಒಂದೇ ದಿನದಲ್ಲಿ ಆಗಲಿಲ್ಲ, ಮೊದಮೊದಲು ಸಿಡಿಮಿಡಿ ಹೆಚ್ಚಿತು ಎಂಬುದನ್ನೂ ಹೇಳಬೇಕು.

ಮನಃಶಾಸ್ತ್ರಜ್ಞರ ಮೂರು ಅವಧಿಗಳು ಅರಿವಿನ ವರ್ತನಾ ಚಿಕಿತ್ಸೆಯ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆ, ಸಿಬಿಟಿ) ಮೇಲೆ ನಿಂತಿವೆ. ಟಿನಿಟಸ್‌ನ ಕಾಟ ತಗ್ಗಿಸುವಲ್ಲಿ ಇಂದು ಅತ್ಯಂತ ಗಟ್ಟಿ ಆಧಾರವಿರುವುದು ಇದಕ್ಕೇ. ಅಮೆರಿಕದ ಕಿವಿ, ಮೂಗು, ಗಂಟಲು ವೈದ್ಯರ ಸಂಘ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಶಿಫಾರಸು ಮಾಡುತ್ತದೆ, ಗಿಂಕ್ಗೊ ಎಂಬ ಗಿಡದ ಸಾರ, ನಿದ್ದೆಗೆ ಕೊಡುವ ಮೆಲಟೋನಿನ್, ಸತುವು ಇವುಗಳ ಮಾತ್ರೆಗಳನ್ನು ಬೇಡ ಎನ್ನುತ್ತದೆ. ಔಷಧಿ ಅಂಗಡಿಯಲ್ಲಿ ಗಿಂಕ್ಗೊ ಮಾತ್ರೆಗೆ ತಿಂಗಳು ತಿಂಗಳು ಹಣ ಸುರಿದ ನಮ್ಮಂಥವರು ಈ ಸಾಲನ್ನು ಎರಡು ಸಲ ಓದಬೇಕು. ಆಳವಾಗಿ ಉಸಿರಾಡುವುದು, ಕಣ್ಣು ಮುಚ್ಚಿ ಇಷ್ಟದ ಜಾಗವನ್ನು ನೆನೆಯುವುದು, ಬಿಟ್ಟುಹೋದ ಖುಷಿಯ ಕೆಲಸಗಳನ್ನು ಮತ್ತೆ ದಿನಚರಿಗೆ ತರುವುದು, "ಇದು ಎಂದಿಗೂ ಹೋಗುವುದಿಲ್ಲ, ನನ್ನ ಬದುಕು ಮುಗಿಯಿತು" ಎಂಬಂಥ ಯೋಚನೆಯನ್ನು ಹಿಡಿದು ಅದು ಎಷ್ಟು ನಿಜ ಎಂದು ಪರೀಕ್ಷಿಸುವುದು ಇದರಲ್ಲಿ ಸೇರಿವೆ. ಉಸಿರಾಟ ತಂದೆಯವರಿಗೆ ಒಗ್ಗಿತು. ಕಣ್ಣು ಮುಚ್ಚುವುದು ಒಗ್ಗಲಿಲ್ಲ. ಕಣ್ಣು ಮುಚ್ಚಿದರೆ ಹಳೆಯ ಘಟನೆಯೇ ಎದುರಾಗುತ್ತದೆ ಎಂದರು, ಮನಃಶಾಸ್ತ್ರಜ್ಞರು ಒತ್ತಾಯಿಸದೆ ಅದನ್ನು ಕೈಬಿಟ್ಟು, ಕಣ್ಣು ತೆರೆದೇ ಗೋಡೆಯ ಒಂದು ಬಿಂದುವನ್ನು ನೋಡುವುದಕ್ಕೆ ಬದಲಿಸಿದರು. ಯೋಚನೆಗಳನ್ನು ಬರೆದಿಡುವ ಹಾಳೆ ಮಾತ್ರ ಬಹುಮಟ್ಟಿಗೆ ಖಾಲಿಯೇ ಉಳಿಯಿತು. ಬರೆಯಲು ಕುಳಿತರೆ ಪದ ಸಿಗುವುದಿಲ್ಲ, ಪದ ಸಿಕ್ಕರೆ ಯೋಚನೆ ಜಾರಿಹೋಗಿರುತ್ತದೆ. ಇದಕ್ಕೆ ಕೇಂದ್ರದವರ ಬಳಿ ಪರ್ಯಾಯವೇ ಇರಲಿಲ್ಲ. ಧ್ವನಿಯಲ್ಲಿ ಹೇಳಿಡಬಹುದೇ ಎಂದು ನಾವು ಕೇಳಿದಾಗ ಹೂಂ ಎಂದರು, ಆದರೆ ಮುಂದಿನ ಕರೆಯಲ್ಲಿ ಅದನ್ನು ಕೇಳಿಸಿಕೊಂಡಿರಲಿಲ್ಲ.

ಕೊರತೆಗಳ ಮಾತಿಗೆ ಬಂದೆ, ಮುಗಿಸಿಬಿಡುತ್ತೇನೆ. ಕನ್ನಡದ ಕೈಪಿಡಿ ಯಾರೋ ನಿಘಂಟು ಹಿಡಿದು ಬರೆದಂತಿದೆ. ನಿವೃತ್ತ ಸೈನಿಕರು ಬಿಡಿ, ಶಿಕ್ಷಕರೂ ಒಂದೇ ಓದಿಗೆ ತಿಳಿಯಲಾರರು. ನಾಲ್ಕನೆಯ ಅವಧಿಗೆ ಮನಃಶಾಸ್ತ್ರಜ್ಞರೇ ಬದಲಾದರು, ಹೊಸಬರಿಗೆ ಹಳೆಯ ಟಿಪ್ಪಣಿ ತಲುಪಿರಲಿಲ್ಲ, ಸ್ಫೋಟದ ಕಥೆಯನ್ನು ತಂದೆಯವರು ಮೊದಲಿನಿಂದ ಹೇಳಬೇಕಾಗಿ ಬಂದು ಆ ರಾತ್ರಿ ನಿದ್ದೆ ಮಾಡಲಿಲ್ಲ. ಇದು ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ಲೋಪ. ಶ್ರವಣ ಸಾಧನದ ಮಾರಾಟಗಾರರ ಕರೆಗಳು ಅವಧಿಗಳ ನಡುವೆಯೇ ಬರತೊಡಗಿದ್ದೂ ಹಿತವೆನಿಸಲಿಲ್ಲ. ಸಲಹೆ ಕೊಡುವವರೂ ಮಾರುವವರೂ ಒಂದೇ ಸೂರಿನಡಿ ಇದ್ದರೆ ಸಲಹೆಯ ಮೇಲೆಯೇ ಅನುಮಾನ ಹುಟ್ಟುತ್ತದೆ. ಸಾಧನವನ್ನು ನಾವು ಕೊನೆಗೆ ಬೇರೆಡೆ ಕೊಂಡೆವು.

ಹಣದ ಮಾತು: ಐದೂ ಅವಧಿಗಳಿಗೆ ಕೊಟ್ಟದ್ದು ಇಬ್ಬರು ಮೈಸೂರಿಗೆ ಹೋಗಿ ಲಾಡ್ಜಿನಲ್ಲಿ ಉಳಿದು ಬರುವ ಖರ್ಚಿಗಿಂತ ಹೆಚ್ಚಾಗಲಿಲ್ಲ. ಎಲ್ಲ ನಮ್ಮ ಕೈಯಿಂದಲೇ ಹೋಯಿತು. 2003ರಿಂದ ನಡೆಯುತ್ತಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಕಾರ್ಡ್ ಇರುವವರು ಮೊದಲು ತಮ್ಮ ಪಾಲಿಕ್ಲಿನಿಕ್‌ಗೆ ಹೋಗಿ ಕಿವಿ ತಪಾಸಣೆ, ಆಡಿಯೋಗ್ರಾಂಗಳಿಗೆ ರೆಫರಲ್ ಕೇಳುವುದು ಒಳಿತು. ರೆಫರಲ್ ಇಲ್ಲದೆ ಹೋದರೆ ಬಿಲ್ಲು ನಮ್ಮ ಜೇಬಿಗೇ ಬೀಳುತ್ತದೆ.

ಫಲದ ವಿಷಯ. ಆರಂಭದಲ್ಲಿ ಮತ್ತು ಕೊನೆಯಲ್ಲಿ ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ 25 ಪ್ರಶ್ನೆಗಳ ಅಳತೆಯನ್ನು ಕನ್ನಡದಲ್ಲೇ ಕೇಳಿದರು. ಹೌದು ಎಂದರೆ 4, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ ಸೊನ್ನೆ, ಹೆಚ್ಚೆಂದರೆ 100. ಅದರಲ್ಲಿ 58ರಿಂದ 76 ತೀವ್ರ, 38ರಿಂದ 56 ಮಧ್ಯಮ. ತಂದೆಯವರು ತೀವ್ರದಿಂದ ಮಧ್ಯಮಕ್ಕೆ ಇಳಿದರು. ನಿದ್ದೆ ಮತ್ತು ಸಿಟ್ಟಿನ ಪ್ರಶ್ನೆಗಳಲ್ಲಿ ಇಳಿಕೆ ಹೆಚ್ಚು; ಗಮನವಿಟ್ಟು ಕೆಲಸ ಮಾಡುವ ಪ್ರಶ್ನೆಯಲ್ಲಿ ಏನೂ ಬದಲಾಗಲಿಲ್ಲ, ಅದು ಕಿವಿಯದಲ್ಲ, ಪೆಟ್ಟಿನದು ಎಂದು ಈಗ ನಮಗೆ ಗೊತ್ತು. ಸದ್ದಿನ ಜೋರು ಕಡಿಮೆಯಾಯಿತೇ ಎಂದು ಕೇಳಿದರೆ ಅವರು ಇಲ್ಲ ಎನ್ನುತ್ತಾರೆ. "ಸಪ್ಪಳ ಅಲ್ಲೇ ಐತಿ. ಮೊದಲ ಅದರ ಕೂಡ ಜಗಳ ಆಡ್ತಿದ್ದೆ, ಈಗ ಆಡಂಗಿಲ್ಲ" ಎಂಬುದು ಅವರ ವಿವರಣೆ. ಸದ್ದನ್ನೇ ಇಲ್ಲವಾಗಿಸುತ್ತೇವೆ ಎಂದು ಕೇಂದ್ರದವರೂ ಎಲ್ಲೂ ಹೇಳಿರಲಿಲ್ಲ. ಹಾಗೆ ಹೇಳುವ ಜಾಹೀರಾತು ಕಂಡರೆ ದೂರವಿರಿ.

ಮನೆಯಲ್ಲಿ ಜೊತೆ ಕೂರುವವರು ಒಬ್ಬರಿಲ್ಲದಿದ್ದರೆ ಮಿದುಳಿಗೆ ಪೆಟ್ಟಾದವರಿಗೆ ಈ ಸೇವೆಯನ್ನು ನಾನು ಸೂಚಿಸಲಾರೆ; ಕರೆಯ ವೇಳೆ ನೆನಪಿಡುವುದು, ಕೋಷ್ಟಕ ತುಂಬುವುದು, ಯಾವ ಸದ್ದು ಯಾವಾಗ ಎಂದು ನೋಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕಿವಿಯ ಕಾಟದಿಂದ ಬದುಕೇ ಬೇಡ ಎನ್ನುವ ಮಾತು ಬಾಯಿಂದ ಬಂದರೆ ಮುಂದಿನ ಅವಧಿಯ ತಾರೀಕಿಗೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನು ಹೆಸರು ನೋಂದಾಯಿಸುವ ದಿನವೇ ಮೂರು ಮಾತು ಬರೆಸಿಕೊಳ್ಳಿ: ತಲೆಗೆ ಪೆಟ್ಟು ಬಿದ್ದ ವಿವರ, ವಿಡಿಯೋ ಬೇಡ ಫೋನ್ ಸಾಕು ಎಂಬುದು, ಐದೂ ಅವಧಿಗಳಲ್ಲಿ ಮಾತಾಡುವವರು ಬದಲಾಗಬಾರದು ಎಂಬುದು. ಮೂರನೆಯದಕ್ಕೆ ಅವರು ಒಪ್ಪದಿದ್ದರೆ ಬೇರೆ ಕೇಂದ್ರ ಹುಡುಕಿ.